ಕಡಲಂಚಿನ ಜೀವಿಗಳನ್ನು ನಕ್ಷೆಗೆ ತರುವುದು ಹೇಗೆ: ಆನ್‌ಲೈನ್ ದತ್ತಕೋಶಗಳನ್ನು ಬಳಸುವವರಿಗೆ ಸಮಗ್ರ ಮಾರ್ಗದರ್ಶಿ

ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ಬಯಲಾಗುವ ದಡದ ಪಟ್ಟಿಯ ಜೀವಿಗಳನ್ನು ದಾಖಲಿಸಲು ಹೊರಟವರು ಪದೇ ಪದೇ ಒಂದೇ ಕಡೆ ಎಡವುತ್ತಿದ್ದಾರೆ. ಅವರ ಬಳಿ ಫೋಟೊಗಳಿರುತ್ತವೆ, ಹೆಸರುಗಳೂ ಇರುತ್ತವೆ. ಆದರೆ ನಕ್ಷೆ ತೆರೆದಾಗ ಕೆಲವು ಚುಕ್ಕೆಗಳು ತೆಂಗಿನ ತೋಟದಲ್ಲಿಯೂ ಕೆಲವು ಆಳ ಸಮುದ್ರದಲ್ಲಿಯೂ ಬಿದ್ದಿರುತ್ತವೆ, ಒಂದೆರಡು ನಾರ್ವೆಯ ಉತ್ತರದ ಕಡಲಿನಲ್ಲಿ ಕಾಣಿಸುತ್ತವೆ. ಇದನ್ನು ಸರಿಪಡಿಸಲು ಹೊರಟವರು ಯಾವುದೋ ಶುದ್ಧೀಕರಣ ಸಾಧನವನ್ನು ಓಡಿಸಿ, ಸರಿಯಾಗಿಯೇ ಇದ್ದ ದಾಖಲೆಗಳನ್ನೂ ಕಳೆದುಕೊಳ್ಳುತ್ತಾರೆ.

ತಪ್ಪು ಕಂಪ್ಯೂಟರಿನಲ್ಲಿ ಕಾಣಿಸಿಕೊಂಡರೂ ಅದು ಹುಟ್ಟುವುದು ಹೆಚ್ಚಾಗಿ ದಡದಲ್ಲಿ. ಆದ್ದರಿಂದ ಕೆಳಗಿನ ಹಂತಗಳ ಅನುಕ್ರಮವನ್ನು ಬದಲಿಸಬೇಡಿ. ಉದಾಹರಣೆಗಳನ್ನು ಉತ್ತರ ಕನ್ನಡದ ಕುಮಟಾ–ಗೋಕರ್ಣ ಭಾಗದಿಂದ ತೆಗೆದುಕೊಂಡಿದ್ದೇನೆ, ಏಕೆಂದರೆ ಬಂಡೆ, ಮರಳು, ಕೆಸರು ಮತ್ತು ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳು ಅಲ್ಲಿ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ಸಿಗುತ್ತವೆ.

## ಬೇಕಾಗುವ ಸಾಮಗ್ರಿ

ಜಿಪಿಎಸ್ ಇರುವ ಫೋನು, ಪೆನ್ಸಿಲು ಮತ್ತು ಗಟ್ಟಿ ರಟ್ಟಿನ ಟಿಪ್ಪಣಿ ಪುಸ್ತಕ, ಸಣ್ಣ ಅಳತೆಪಟ್ಟಿ, ಪಿವಿಸಿ ಕೊಳವೆಯಿಂದ ಮಾಡಿದ 50 ಸೆಂಟಿಮೀಟರ್ ಬದಿಯ ಚೌಕಟ್ಟು, ಜಾರದ ಅಡಿಯಿರುವ ಪಾದರಕ್ಷೆ. ಮನೆಯಲ್ಲಿ ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶವಿರುವ ಒಂದು ಕಂಪ್ಯೂಟರ್. ಕಂಡ ಜೀವಿಗಳ ಫೋಟೊ ಏರಿಸಿ ಗುರುತಿಸಿಕೊಳ್ಳುವ ಐನ್ಯಾಚುರಲಿಸ್ಟ್ ಮತ್ತು ಜಗತ್ತಿನ ಜೀವಿ ದಾಖಲೆಗಳನ್ನು ಒಟ್ಟುಗೂಡಿಸುವ ಜಿಬಿಐಎಫ್‌ಗಳಲ್ಲಿ ಒಂದೊಂದು ಖಾತೆ ತೆರೆದಿರಬೇಕು, ಎರಡೂ ಉಚಿತ.

## ಹಂತ 1: ಪ್ರಶ್ನೆಯನ್ನು ಮೊದಲು ಬರೆದಿಡಿ

"ನಮ್ಮ ಊರಿನ ಕಡಲತೀರದ ಜೀವವೈವಿಧ್ಯ" ಎಂಬುದನ್ನು ನಕ್ಷೆ ಮಾಡಲು ಆಗುವುದಿಲ್ಲ. "ಈ ಎರಡು ಕಿಲೋಮೀಟರ್ ಬಂಡೆದಡದಲ್ಲಿ ಪಚ್ಚಿಲೆ (ಹಸಿರು ಮಸ್ಸೆಲ್ ಎಂಬ ಚಿಪ್ಪುಜೀವಿ) ಎಲ್ಲೆಲ್ಲಿ ಅಂಟಿಕೊಂಡಿದೆ, ಅದು ನೀರಿನ ಯಾವ ಮಟ್ಟದಲ್ಲಿದೆ" ಎಂಬುದನ್ನು ಮಾಡಬಹುದು. ಎಷ್ಟು ನಿಖರವಾದ ಸ್ಥಳ ಬೇಕು, ಯಾವ ದತ್ತಕೋಶ ಸಾಕು, ಎಷ್ಟು ಬಾರಿ ದಡಕ್ಕೆ ಹೋಗಬೇಕು ಎಂಬುದೆಲ್ಲ ಆ ಒಂದು ವಾಕ್ಯದಿಂದಲೇ ತೀರ್ಮಾನವಾಗುತ್ತದೆ.

ನೆಲೆಗಳಿಗೆ ನಿಮ್ಮದೇ ಹೆಸರಿಡುವ ಬದಲು ಜಾಗತಿಕ ಪ್ರಕೃತಿ ಸಂರಕ್ಷಣಾ ಒಕ್ಕೂಟವಾದ ಐಯುಸಿಎನ್‌ನ ಜಾಗತಿಕ ಪರಿಸರವ್ಯವಸ್ಥೆ ವರ್ಗೀಕರಣದ ಸಂಕೇತಗಳನ್ನು ಬಳಸಿ. ಅದರಲ್ಲಿ ಬಂಡೆದಡ ಎಂಟಿ 1.1, ಕೆಸರುದಡ ಎಂಟಿ 1.2, ಮರಳುದಡ ಎಂಟಿ 1.3, ಉರುಟುಕಲ್ಲಿನ ದಡ ಎಂಟಿ 1.4, ಕಾಂಡ್ಲಾ ಕಾಡು ಎಂಎಫ್‌ಟಿ 1.2. ಕಡಲ್ಕೊರೆತ ತಡೆಯಲು ಸುರಿದ ಕಲ್ಲುಗಳ ತಡೆಗೋಡೆಗೆ ಎಂಟಿ 3.1 ಎಂಬ ಬೇರೆಯೇ ಸಂಕೇತವಿದೆ. ಇದನ್ನು ಬಂಡೆದಡದೊಂದಿಗೆ ಬೆರೆಸಬೇಡಿ. ಮರಳಿನ ತೀರದಲ್ಲಿ ಕಲ್ಲು ಸುರಿದ ಮೇಲೆ ಅಲ್ಲಿ ಬಾರ್ನಕಲ್ (ಕಲ್ಲಿಗೆ ಅಂಟಿ ಬದುಕುವ, ಗಟ್ಟಿ ಫಲಕಗಳ ಸಣ್ಣ ಜೀವಿ) ಮತ್ತು ಕಲ್ಲುಸಿಂಪಿಗಳು ಬಂದು ಕೂರುತ್ತವೆ. ಸಂಕೇತ ಬೇರೆಯಾಗಿಲ್ಲದಿದ್ದರೆ, ಮುಂದೆ ನಕ್ಷೆ ನೋಡುವವರು ಅಲ್ಲಿ ಮೊದಲಿನಿಂದಲೂ ಬಂಡೆಯಿತ್ತೆಂದು ತಿಳಿಯುತ್ತಾರೆ.

## ಹಂತ 2: ಈಗಾಗಲೇ ಇರುವ ದಾಖಲೆಗಳನ್ನು ಇಳಿಸಿಕೊಳ್ಳಿ

ದಡಕ್ಕೆ ಹೋಗುವ ಮೊದಲು ಎರಡು ಕಡೆ ಹುಡುಕಿ. ಒಂದು, ಕೋಪನ್‌ಹೇಗನ್‌ನಲ್ಲಿ ಕಾರ್ಯಾಲಯವಿರುವ ಜಿಬಿಐಎಫ್. ಇನ್ನೊಂದು, ಯುನೆಸ್ಕೊದ ಅಂತರಸರ್ಕಾರಿ ಸಾಗರ ಆಯೋಗದ ಅಡಿಯಲ್ಲಿರುವ, ಕಡಲ ಜೀವಿಗಳಿಗೆ ಮೀಸಲಾದ ಒಬಿಸ್. ಇವೆರಡರಲ್ಲೂ ಸ್ವಲ್ಪ ಭಾಗ ಒಂದೇ ದಾಖಲೆಗಳಿರುತ್ತವೆ. ಆದ್ದರಿಂದ ಎರಡನ್ನೂ ಕೂಡಿಸುವಾಗ ಪ್ರತಿ ದಾಖಲೆಯ ಅಕರೆನ್ಸ್ ಐಡಿ ಎಂಬ ಕಂಬಸಾಲನ್ನು (ಕಾಲಂ) ಹೋಲಿಸಿ, ಇಮ್ಮಡಿಯಾದವುಗಳನ್ನು ತೆಗೆಯಬೇಕು.

ಜಿಬಿಐಎಫ್‌ನಲ್ಲಿ ನಿಮ್ಮ ಪ್ರದೇಶದ ಸುತ್ತ ಬಹುಭುಜ ಎಳೆಯಿರಿ. ನಕ್ಷೆಯ ಮೇಲೆಯೇ ಎಳೆದರೆ ತೊಂದರೆಯಿಲ್ಲ. ಮೂಲೆಗಳನ್ನು ಅಕ್ಷರದಲ್ಲಿ ಬರೆದು ಕೊಡುವುದಾದರೆ ರೇಖಾಂಶ ಮೊದಲು, ಅಕ್ಷಾಂಶ ನಂತರ ಬರಬೇಕು, ಮತ್ತು ಮೂಲೆಗಳು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿನಲ್ಲಿ ಸಾಗಬೇಕು. ದಿಕ್ಕು ತಪ್ಪಿದರೆ ನಿಮ್ಮ ಪ್ರದೇಶವನ್ನು ಬಿಟ್ಟು ಉಳಿದ ಭೂಮಂಡಲವೆಲ್ಲ ಆಯ್ಕೆಯಾಗಿಬಿಡಬಹುದು. ಫಲಿತಾಂಶದ ಸಂಖ್ಯೆ ಕೋಟಿಗಳಲ್ಲಿ ಬಂದರೆ ಅದೇ ಎಚ್ಚರಿಕೆಯ ಗುರುತು.

ಇಳಿಸಿಕೊಂಡ ಕಡತದ ಹೆಸರು ಸಿಎಸ್‌ವಿ ಎಂದಿದ್ದರೂ ಅದರಲ್ಲಿ ಕಂಬಸಾಲುಗಳನ್ನು ಬೇರ್ಪಡಿಸಿರುವುದು ಅಲ್ಪವಿರಾಮವಲ್ಲ, ಟ್ಯಾಬ್. ಅದನ್ನು ಎರಡು ಬಾರಿ ಕ್ಲಿಕ್ಕಿಸಿ ಎಕ್ಸೆಲ್‌ನಲ್ಲಿ ತೆರೆಯಬೇಡಿ. ದಿನಾಂಕಗಳು ಬದಲಾಗುತ್ತವೆ, ಕನ್ನಡ ಅಕ್ಷರಗಳು ಕೆಡುತ್ತವೆ, ಹಾಗೇ ಉಳಿಸಿದರೆ ಮೂಲ ಕಡತವೂ ಹೋಯಿತು. ದತ್ತಾಂಶ ಆಮದು ಮಾಡುವ ಆಯ್ಕೆಯ ಮೂಲಕ, ಯುಟಿಎಫ್-8 ಮತ್ತು ಟ್ಯಾಬ್ ಎಂದು ಗೊತ್ತುಮಾಡಿ ತೆರೆಯಿರಿ. ಇಳಿಸಿಕೊಂಡ ದಿನಾಂಕವನ್ನೂ ಜಿಬಿಐಎಫ್ ಕೊಡುವ ಡಿಒಐ ಸಂಖ್ಯೆಯನ್ನೂ (ಇಳಿಸಿಕೊಂಡ ದತ್ತಾಂಶದ ಶಾಶ್ವತ ಗುರುತು) ಬರೆದಿಟ್ಟುಕೊಳ್ಳಿ. ಆರು ತಿಂಗಳ ನಂತರ ಯಾರಾದರೂ ನಿಮ್ಮ ನಕ್ಷೆಯನ್ನು ಪ್ರಶ್ನಿಸಿದರೆ ಆ ಸಂಖ್ಯೆಯೇ ಆಧಾರ.

ದಾಖಲೆಯ ಬಗೆಯನ್ನು ಸೂಚಿಸುವ ಕಂಬಸಾಲನ್ನು ಓದಿ, ಪಳೆಯುಳಿಕೆಗಳಿದ್ದರೆ ತೆಗೆಯಿರಿ. ಸಂಗ್ರಹಾಲಯಗಳ ಹಳೆಯ ಮಾದರಿಗಳಲ್ಲಿ ಹಲವು "ಕಾರವಾರ" ಎಂಬ ಒಂದೇ ಪದದ ಸ್ಥಳಸೂಚನೆಯೊಂದಿಗೆ ಬಂದಿರುತ್ತವೆ; ಅವುಗಳಿಗೆ ನಂತರ ಊರಿನ ನಡುವಿನ ನಿರ್ದೇಶಾಂಕ ಕೊಟ್ಟಿರುತ್ತಾರೆ. ಅವು ಪ್ರಭೇದಗಳ ಪಟ್ಟಿಗೆ ಉಪಯುಕ್ತ, ಸೂಕ್ಷ್ಮ ನಕ್ಷೆಗೆ ಅಲ್ಲ.

## ಹಂತ 3: ಹೆಸರುಗಳನ್ನು ಒಂದೇ ಕ್ರಮಕ್ಕೆ ತನ್ನಿ

ಕರಾವಳಿಯಲ್ಲಿ ಕನ್ನಡ, ತುಳು, ಕೊಂಕಣಿ ಹೆಸರುಗಳು ಜೊತೆಜೊತೆಯಾಗಿ ಬಳಕೆಯಲ್ಲಿವೆ. ಬಳಚು, ಮರುವಾಯಿ, ಖುಬೆ ಎಂಬ ಮಾತುಗಳು ಊರಿನಿಂದ ಊರಿಗೆ ಬೇರೆ ಬೇರೆ ಚಿಪ್ಪುಜೀವಿಗಳಿಗೆ ಸಲ್ಲುತ್ತವೆ. ಸ್ಥಳೀಯ ಹೆಸರನ್ನು ಖಂಡಿತ ಬರೆದುಕೊಳ್ಳಿ, ಯಾವ ಊರಿನಲ್ಲಿ ಕೇಳಿದ್ದೆಂಬುದನ್ನೂ ಸೇರಿಸಿ. ಆದರೆ ಅದು ಟಿಪ್ಪಣಿಯ ಕಂಬಸಾಲಿನಲ್ಲಿರಲಿ. ಅದರಿಂದ ನೇರವಾಗಿ ವೈಜ್ಞಾನಿಕ ಹೆಸರನ್ನು ಊಹಿಸಬೇಡಿ.

ವೈಜ್ಞಾನಿಕ ಹೆಸರುಗಳೂ ಸ್ಥಿರವಲ್ಲ. ಹಳೆಯ ವರದಿಗಳಲ್ಲಿರುವ ಕ್ರಾಸೋಸ್ಟ್ರಿಯಾ ಮದ್ರಾಸೆನ್ಸಿಸ್ ಎಂಬ ಸಿಂಪಿ ಇಂದು ಮ್ಯಾಗಲಾನಾ ಬೈಲಿನಿಯೇಟಾ. ಬಾಲನಸ್ ಆಂಫಿಟ್ರೈಟ್ ಎಂಬ ಬಾರ್ನಕಲ್ ಈಗ ಆಂಫಿಬಾಲನಸ್ ಕುಲದಲ್ಲಿದೆ. ಎಂಟರೊಮಾರ್ಫಾ ಎಂಬ ಹಸಿರು ಕಡಲಪಾಚಿಯ ಕುಲವೇ ಉಲ್ವಾದೊಳಗೆ ಸೇರಿಹೋಗಿದೆ. ಇವುಗಳನ್ನು ಹೊಂದಿಸದೆ ನಕ್ಷೆ ಮಾಡಿದರೆ ಒಂದೇ ಜೀವಿ ಎರಡು ಬಣ್ಣಗಳಲ್ಲಿ ಕಾಣುತ್ತದೆ. ಒಂದು ಪ್ರಭೇದ ಅಳಿದು ಇನ್ನೊಂದು ಬಂದಿತೆಂಬ ಸುಳ್ಳು ತೀರ್ಮಾನವೂ ಹುಟ್ಟಿಕೊಳ್ಳುತ್ತದೆ.

ಪರಿಹಾರ ಸುಲಭ. ಕಡಲ ಪ್ರಭೇದಗಳ ಜಾಗತಿಕ ನೋಂದಣಿಯಾದ ವೋರ್ಮ್ಸ್ ತಾಣದಲ್ಲಿ ಹೆಸರುಗಳ ಪಟ್ಟಿಯನ್ನು ಒಟ್ಟಿಗೆ ಏರಿಸಿ ಹೊಂದಿಸುವ ಸೌಲಭ್ಯವಿದೆ. ಪ್ರತಿ ಹೆಸರಿಗೂ ಅಫಿಯಾ ಐಡಿ ಎಂಬ ಸಂಖ್ಯೆಯೊಂದಿಗೆ ಇಂದು ಒಪ್ಪಿತವಾದ ಹೆಸರು ಸಿಗುತ್ತದೆ. ನೀವು ಬರೆದ ಮೂಲ ಹೆಸರನ್ನು ಅಳಿಸದೆ ಪಕ್ಕದ ಕಂಬಸಾಲಿನಲ್ಲಿ ಹೊಸದನ್ನು ಇರಿಸಿ. ಹೆಸರು ಅಂದಾಜಿನಲ್ಲಿ ಮಾತ್ರ ಹೊಂದಿದೆ ಎಂದು ತಾಣ ಹೇಳಿದ ಸಾಲುಗಳನ್ನು ಒಂದೊಂದಾಗಿ ಕಣ್ಣಿನಿಂದಲೇ ನೋಡಬೇಕು.

## ಹಂತ 4: ನೆಲೆಯ ಹಿನ್ನೆಲೆ ನಕ್ಷೆ ಸಿದ್ಧಪಡಿಸಿ

ಜಗತ್ತಿನ ಕೆಸರು-ಮರಳು ಬಯಲುಗಳನ್ನು ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳಿಂದ 30 ಮೀಟರ್ ನಿಖರತೆಯಲ್ಲಿ ಗುರುತಿಸಿದ ನಕ್ಷೆ 2019ರಲ್ಲಿ ಪ್ರಕಟವಾಯಿತು; ಅದರ ಚಿತ್ರಗಳು 1984ರಿಂದ 2016ರವರೆಗಿನವು. ಕಾಂಡ್ಲಾ ಕಾಡುಗಳಿಗೆ ಗ್ಲೋಬಲ್ ಮ್ಯಾಂಗ್ರೋವ್ ವಾಚ್ ಇದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ 10 ಮೀಟರ್ ಚಿತ್ರಗಳನ್ನು ಕೋಪರ್ನಿಕಸ್ ತಾಣದಲ್ಲಿ ಉಚಿತವಾಗಿ ನೋಡಬಹುದು. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯ ಕೆಸರುಬಯಲು, ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಮತ್ತು ಕಾಂಡ್ಲಾ ಅಂಚುಗಳನ್ನು ನೋಡಲು ಇವು ಚೆನ್ನಾಗಿ ನೆರವಾಗುತ್ತವೆ.

ಆದರೆ ಬಂಡೆದಡಕ್ಕೆ ಇವನ್ನು ನಂಬಬೇಡಿ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ನೀರು ಹತ್ತು ಮೀಟರಿನ ಆಸುಪಾಸಿನಲ್ಲಿ ಏರಿಳಿದರೆ, ಕಾರವಾರದ ಕಡೆ ದೊಡ್ಡ ಇಳಿತದ ದಿನಗಳಲ್ಲೂ ಅದು ಸುಮಾರು ಒಂದೂವರೆಯಿಂದ ಎರಡು ಮೀಟರ್ ಅಷ್ಟೇ. ಕಡಿದಾದ ಬಂಡೆಯ ಮೇಲೆ ಅಷ್ಟು ಏರಿಳಿತದಿಂದ ಬಯಲಾಗುವ ಪಟ್ಟಿ ಕೆಲವೇ ಮೀಟರ್ ಅಗಲವಿರುತ್ತದೆ. 30 ಮೀಟರಿನ ಒಂದು ಚೌಕದೊಳಗೆ ಪೂರ್ತಿ ಪಟ್ಟಿಯೂ ಅದರ ಹಿಂದಿನ ಗಿಡಗಂಟಿಯೂ ಮುಂದಿನ ನೀರೂ ಸೇರಿಹೋಗುತ್ತವೆ.

ಇನ್ನೊಂದು ತೊಡಕನ್ನು ಬಹಳ ಜನ ಗಮನಿಸುವುದಿಲ್ಲ. ಈ ಉಪಗ್ರಹಗಳು ಒಂದು ಜಾಗದ ಮೇಲೆ ಪ್ರತಿ ಬಾರಿಯೂ ಹೆಚ್ಚುಕಡಿಮೆ ಒಂದೇ ಗಂಟೆಗೆ, ಮಧ್ಯಾಹ್ನಕ್ಕೆ ಮುಂಚೆ, ಹಾಯುತ್ತವೆ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ ಮತ್ತು ಅಮಾವಾಸ್ಯೆಗಳ ದೊಡ್ಡ ಇಳಿತ ಸಾಮಾನ್ಯವಾಗಿ ಮುಂಜಾವಿನ ಅಥವಾ ಸಂಜೆಯ ಆಸುಪಾಸಿಗೆ ಬರುತ್ತದೆ. ಹಾಗಾಗಿ ಅತಿ ಕೆಳಗಿನ ಪಟ್ಟಿ ಬಯಲಾಗಿರುವ ಚಿತ್ರ ವರ್ಷಗಟ್ಟಲೆ ಹುಡುಕಿದರೂ ಸಿಗದಿರಬಹುದು. ಚಿತ್ರದಲ್ಲಿ ಕಾಣಲಿಲ್ಲವೆಂದು ಆ ನೆಲೆ ಇಲ್ಲವೆಂದು ಬರೆಯಬೇಡಿ.

## ಹಂತ 5: ಇಳಿತದ ಹೊತ್ತನ್ನು ಗೊತ್ತುಮಾಡಿ

ಭಾರತೀಯ ಸರ್ವೇಕ್ಷಣಾ ಇಲಾಖೆ ಬಂದರುಗಳ ಉಬ್ಬರವಿಳಿತ ಕೋಷ್ಟಕಗಳನ್ನು ಪ್ರಕಟಿಸುತ್ತದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ತಾಣದಲ್ಲೂ ಮುನ್ಸೂಚನೆ ಸಿಗುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಮತ್ತು ಅವುಗಳ ಮರುದಿನ ಅಥವಾ ಅದರಾಚೆಯ ದಿನವನ್ನು ಆರಿಸಿಕೊಳ್ಳಿ. ನಮ್ಮಲ್ಲಿ ಒಂದೇ ದಿನದ ಎರಡು ಇಳಿತಗಳು ಸಮನಾಗಿರುವುದಿಲ್ಲವಾದ್ದರಿಂದ ಹೊತ್ತನ್ನು ಮಾತ್ರ ನೋಡದೆ ಎತ್ತರವನ್ನೂ ನೋಡಿ. ಕನಿಷ್ಠ ಮಟ್ಟ ಬರುವ ಒಂದೂವರೆ ಗಂಟೆ ಮೊದಲೇ ದಡದಲ್ಲಿದ್ದು, ನೀರಿನ ಹಿಂದೆಯೇ ಕೆಳಗಿಳಿಯುತ್ತ ಹೋಗಿ, ನೀರು ತಿರುಗಿದೊಡನೆ ಮೇಲೆ ಬನ್ನಿ.

ಕೋಷ್ಟಕದ ಹೊತ್ತು ಬಂದರಿನದು. ಅಳಿವೆಯ ಒಳಗೆ, ಹೊಳೆಯ ಮೇಲ್ಭಾಗಕ್ಕೆ ಹೋದಂತೆ ಇಳಿತ ತಡವಾಗುತ್ತದೆ. ಎಷ್ಟು ತಡ ಎಂಬುದನ್ನು ದಿನವೂ ಚಿಪ್ಪು ಹೆಕ್ಕುವವರನ್ನು ಕೇಳಿ ತಿಳಿದುಕೊಳ್ಳಿ. ಯಾವ ಕೋಷ್ಟಕಕ್ಕಿಂತಲೂ ಅವರ ಲೆಕ್ಕ ಆ ಜಾಗಕ್ಕೆ ಹತ್ತಿರವಿರುತ್ತದೆ. ಕೋಷ್ಟಕದ ಸೊನ್ನೆ ಎಂದರೆ ನೌಕಾನಕ್ಷೆಯ ಆಧಾರಮಟ್ಟ, ಸರಾಸರಿ ಸಮುದ್ರಮಟ್ಟವಲ್ಲ. ಎರಡನ್ನು ಬೆರೆಸಿದರೆ ಪಟ್ಟಿಯೇ ಮೇಲೆ ಕೆಳಗೆ ಸರಿದುಹೋಗುತ್ತದೆ.

ಮಳೆಗಾಲದಲ್ಲಿ ಬಂಡೆದಡಕ್ಕೆ ಇಳಿಯಬೇಡಿ. ಬೇರೆ ಕಾಲದಲ್ಲೂ ಒಬ್ಬರೇ ಹೋಗಬೇಡಿ. ಒಣಗಿದ್ದ ಬಂಡೆಯ ಮೇಲೆ ಒಂದು ಅಲೆ ಹತ್ತಿತೆಂದರೆ ಅದು ಹಿಂತಿರುಗಬೇಕಾದ ಸೂಚನೆ. ಇನ್ನೊಂದು ಫೋಟೊಕ್ಕಾಗಿ ಕಾಯಬೇಡಿ.

## ಹಂತ 6: ದಡದಲ್ಲಿ ದಾಖಲಿಸುವ ಕ್ರಮ

ಮೊದಲು ಫೋನಿನ ಜಿಪಿಎಸ್ ಸ್ಥಿರವಾಗಲು ಎರಡು ನಿಮಿಷ ಕೊಡಿ. ನಂತರ ದಡದ ಮೇಲಂಚಿನಿಂದ ನೀರಿನವರೆಗೆ ನೇರ ಸಾಲು ಹಿಡಿದು, ಮೇಲ್ಪಟ್ಟಿ, ನಡುಪಟ್ಟಿ, ಕೆಳಪಟ್ಟಿಗಳಲ್ಲಿ ಚೌಕಟ್ಟು ಇಟ್ಟು ಎಣಿಸಿ. ಚೌಕಟ್ಟನ್ನು ಚೆಂದದ ಜೀವಿ ಕಂಡಲ್ಲಿ ಇಡಬೇಡಿ. ಐದೈದು ಹೆಜ್ಜೆಗೆ ಒಂದೆಂದು ಮೊದಲೇ ನಿರ್ಧರಿಸಿದ ಅಂತರದಲ್ಲಿ ಇಡಿ. ಏನೂ ಸಿಗದ ಚೌಕಟ್ಟನ್ನೂ ಬರೆದುಕೊಳ್ಳಿ. "ಹುಡುಕಿದೆವು, ಸಿಗಲಿಲ್ಲ" ಎಂಬ ಸಾಲು ಆನ್‌ಲೈನ್ ದತ್ತಕೋಶಗಳಲ್ಲಿ ಅತಿ ವಿರಳ, ಅದಕ್ಕೇ ಅತಿ ಅಮೂಲ್ಯ.

ಗುರುತಿಸಲು ಬೇಕಾದ ಕೋನಗಳು ಜೀವಿಯಿಂದ ಜೀವಿಗೆ ಬೇರೆ. ಶಂಖದ ಜಾತಿಯವಕ್ಕೆ ಬೆನ್ನಿನ ಬದಿ ಮತ್ತು ಬಾಯಿಯ ಬದಿ ಎರಡೂ ಬೇಕು. ಏಡಿಗೆ ಬೆನ್ನಚಿಪ್ಪು, ಎರಡು ಕಣ್ಣುಗಳ ನಡುವಿನ ಅಂಚು ಮತ್ತು ಕೊಂಬುಗಳು. ಬಾರ್ನಕಲ್ಲಿಗೆ ಸುತ್ತಲಿನ ಫಲಕಗಳು ಎಣಿಸಲು ಸಿಗುವಷ್ಟು ಹತ್ತಿರದ ಚಿತ್ರ. ಕಡಲಪಾಚಿಗೆ ಕವಲಿನ ರೀತಿ ಮತ್ತು ಕಲ್ಲಿಗೆ ಅಂಟಿದ ಬುಡ. ಪ್ರತಿಯೊಂದಕ್ಕೂ ಅಳತೆಪಟ್ಟಿಯೊಂದಿಗೆ ಒಂದು ಚಿತ್ರವೂ ಐದು ಹೆಜ್ಜೆ ಹಿಂದೆ ಸರಿದು ನೆಲೆಯ ಒಂದು ಚಿತ್ರವೂ ಇರಲಿ. ನಾನು ನೋಡಿದ ಗುರುತಾಗದ ದಾಖಲೆಗಳಲ್ಲಿ ಹೆಚ್ಚಿನವಕ್ಕೆ ಇದ್ದದ್ದು ಮೇಲಿನಿಂದ ತೆಗೆದ ಒಂದೇ ಚಿತ್ರ.

ಕಲ್ಲು ಮಗುಚಿದರೆ ಅದನ್ನು ಮೊದಲಿನ ಮಗ್ಗುಲಿಗೇ, ಮೆಲ್ಲಗೆ, ಮರಳಿ ಇಡಿ. ಅಡಿಯಲ್ಲಿದ್ದ ಜೀವಿಗಳು ಬಿಸಿಲಿಗೆ ಬದುಕುವುದಿಲ್ಲ. ಹವಳ, ಸಮುದ್ರಸೌತೆ, ಕಡಲಕುದುರೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅವನ್ನು ಮುಟ್ಟದೆ ಚಿತ್ರ ಮಾತ್ರ ತೆಗೆಯಿರಿ.

ಅಲೆ ತಂದು ಹಾಕಿದ ಖಾಲಿ ಚಿಪ್ಪನ್ನು ಜೀವಂತ ಜೀವಿಯಂತೆ ದಾಖಲಿಸುವುದು ತುಂಬಾ ಸಾಮಾನ್ಯವಾದ ತಪ್ಪು. ಚಿಪ್ಪು ಎಲ್ಲಿಂದಲೋ ತೇಲಿ ಬಂದಿರಬಹುದು. ಅದನ್ನು ದಾಖಲಿಸಿದರೆ "ಮೃತ" ಎಂದು ಗುರುತು ಹಾಕಿ, ನೆಲೆಯ ನಕ್ಷೆಯಿಂದ ಹೊರಗಿಡಿ.

## ಹಂತ 7: ದಾಖಲೆಗಳನ್ನು ಏರಿಸಿ

ವಾಟ್ಸಾಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಕಳಿಸಿದ ಫೋಟೊದಿಂದ ಸ್ಥಳ ಮತ್ತು ಸಮಯದ ಮಾಹಿತಿ ಅಳಿದುಹೋಗುತ್ತದೆ. ತಂಡದವರು ಗುಂಪಿಗೆ ಹಾಕಿದ ಚಿತ್ರಗಳನ್ನು ಒಬ್ಬರು ಇಳಿಸಿಕೊಂಡು ಏರಿಸಿದಾಗ ಎಲ್ಲವೂ ಒಂದೇ ಚುಕ್ಕೆಯಾಗಿ, ಏರಿಸಿದ ದಿನದ ದಿನಾಂಕದೊಂದಿಗೆ ನಿಲ್ಲುವುದಕ್ಕೆ ಇದೇ ಕಾರಣ. ತೆಗೆದವರೇ ಮೂಲ ಚಿತ್ರವನ್ನು ಏರಿಸಬೇಕು, ಇಲ್ಲವೇ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಬೇಕು.

ಐನ್ಯಾಚುರಲಿಸ್ಟ್‌ನಲ್ಲಿ ಒಂದು ದಾಖಲೆಗೆ ಒಂದೇ ಜೀವಿ. ಸ್ಥಳದ ಸುತ್ತ ಕಾಣುವ ನಿಖರತೆಯ ವೃತ್ತವನ್ನು ನೋಡದೆ ಮುಂದೆ ಹೋಗಬೇಡಿ. ವೃತ್ತ 500 ಮೀಟರ್ ಇದ್ದರೆ ಜೀವಿ ಯಾವ ಪಟ್ಟಿಯಲ್ಲಿತ್ತೆಂದು ನಕ್ಷೆ ಎಂದಿಗೂ ಹೇಳಲಾರದು. ಆದ್ದರಿಂದ ಪಟ್ಟಿಯ ಹೆಸರನ್ನೂ ನೆಲೆಯ ಸಂಕೇತವನ್ನೂ ವಿವರಣೆಯಲ್ಲಿ ಬರೆಯಿರಿ. ಗೊತ್ತಿಲ್ಲದ ಪ್ರಭೇದಕ್ಕೆ ತಂತ್ರಾಂಶ ಸೂಚಿಸಿದ ಮೊದಲ ಹೆಸರನ್ನು ಒತ್ತದೆ, ಖಚಿತವಿರುವ ಕುಲ ಅಥವಾ ಕುಟುಂಬದ ಮಟ್ಟದಲ್ಲಿ ನಿಲ್ಲಿಸಿ. ಗೆಳೆಯರು ಪರಸ್ಪರ ಒಪ್ಪಿಗೆ ಒತ್ತಿ "ರಿಸರ್ಚ್ ಗ್ರೇಡ್" (ಸಂಶೋಧನೆಗೆ ಯೋಗ್ಯ ಎಂಬ ದರ್ಜೆ) ಮಾಡಿಕೊಳ್ಳುವ ಅಭ್ಯಾಸವಂತೂ ಬೇಡವೇ ಬೇಡ. ಆ ದರ್ಜೆ ತಲುಪಿದ, ಮುಕ್ತ ಪರವಾನಗಿಯಿರುವ ದಾಖಲೆ ಜಿಬಿಐಎಫ್‌ಗೆ ಹೋಗುತ್ತದೆ. ತಪ್ಪು ಅಲ್ಲಿಂದ ಇತರರ ಲೆಕ್ಕಗಳಿಗೂ ಹರಡುತ್ತದೆ. ಕೇರಳದ ಹಿನ್ನೀರುಗಳಿಗೆ ಹೊರಗಿನಿಂದ ಬಂದು ಸೇರಿದ ಮೈಟೆಲ್ಲಾ ಸ್ಟ್ರೈಗೇಟಾ ಎಂಬ ಕಪ್ಪು ಮಸ್ಸೆಲ್ ಮತ್ತು ನಮ್ಮ ಪಚ್ಚಿಲೆಯ ಮರಿಗಳ ನಡುವೆ ಅವಸರದಲ್ಲಿ ತಪ್ಪು ಮಾಡಿದರೆ ಬಂದಿಲ್ಲದ ಹಾವಳಿಯ ಸುದ್ದಿ ಹುಟ್ಟುತ್ತದೆ, ಅಥವಾ ಬಂದಿರುವುದೇ ಮರೆಯಾಗುತ್ತದೆ.

ಜನ ಹೊಟ್ಟೆಪಾಡಿಗೆ ಚಿಪ್ಪು ಹೆಕ್ಕುವ ಜಾಗದ ನಿಖರ ಬಿಂದುವನ್ನು ಅವರನ್ನು ಕೇಳದೆ ಬಹಿರಂಗಪಡಿಸಬೇಡಿ. ಸ್ಥಳವನ್ನು ಮಸುಕುಗೊಳಿಸುವ ಆಯ್ಕೆ ಇದೆ. ನಿಮ್ಮ ಪ್ರತಿಯಲ್ಲಿ ನಿಜವಾದ ಬಿಂದು ಉಳಿದಿರುತ್ತದೆ.

## ಹಂತ 8: ಶುದ್ಧಿಗೊಳಿಸಿ, ಆದರೆ ಕುರುಡಾಗಿ ಅಲ್ಲ

ಕ್ಯೂಜಿಐಎಸ್‌ನಲ್ಲಿ ಕಡತವನ್ನು ಸೇರಿಸುವಾಗ ಎಕ್ಸ್ ಎಂಬಲ್ಲಿ ರೇಖಾಂಶ, ವೈ ಎಂಬಲ್ಲಿ ಅಕ್ಷಾಂಶ, ನಿರ್ದೇಶಾಂಕ ವ್ಯವಸ್ಥೆ ಇಪಿಎಸ್‌ಜಿ 4326. ಎರಡನ್ನೂ ಅದಲುಬದಲು ಮಾಡಿದರೆ ಕುಮಟಾದ ಚುಕ್ಕೆ 74 ಡಿಗ್ರಿ ಉತ್ತರ, 14 ಡಿಗ್ರಿ ಪೂರ್ವಕ್ಕೆ, ಅಂದರೆ ನಾರ್ವೆಯ ಉತ್ತರದ ಕಡಲಿಗೆ ಹಾರುತ್ತದೆ. ಆಫ್ರಿಕದ ಪಶ್ಚಿಮಕ್ಕೆ ಕಡಲಲ್ಲಿ ಚುಕ್ಕೆ ಕಂಡರೆ ಅಲ್ಲಿ ಎರಡೂ ಸೊನ್ನೆ, ಎಂದರೆ ನಿರ್ದೇಶಾಂಕವೇ ಇರಲಿಲ್ಲ.

ಕಣ್ತಪ್ಪಿಸುವ ತಪ್ಪು ಬೇರೆ. 14 ಡಿಗ್ರಿ 30 ನಿಮಿಷ ಎಂಬುದನ್ನು 14.30 ಎಂದು ಬರೆದರೆ, ಅದು 14.50 ಆಗಬೇಕಿತ್ತಾದ್ದರಿಂದ, ಚುಕ್ಕೆ ಸುಮಾರು 22 ಕಿಲೋಮೀಟರ್ ದಕ್ಷಿಣಕ್ಕೆ ಸರಿಯುತ್ತದೆ. ಸರಿದ ಮೇಲೂ ಅದು ನಮ್ಮ ಕರಾವಳಿಯ ಸಮೀಪವೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಒಂದೇ ಮೂಲದ ದಾಖಲೆಗಳಲ್ಲಿ ದಶಮಾಂಶದ ನಂತರದ ಅಂಕಿಗಳು ಎಂದೂ 60 ದಾಟದಿದ್ದರೆ ಇದನ್ನೇ ಶಂಕಿಸಿ. ದಶಮಾಂಶದ ನಂತರ ಎರಡೇ ಸ್ಥಾನಗಳಿದ್ದರೆ ನಿಖರತೆ ಸುಮಾರು ಒಂದು ಕಿಲೋಮೀಟರ್, ನಾಲ್ಕಿದ್ದರೆ ಸುಮಾರು 11 ಮೀಟರ್.

ಸಮಯವನ್ನೂ ಪರೀಕ್ಷಿಸಿ. ಬೆಳಗಿನ ಐದು ಗಂಟೆಯ ದಾಖಲೆ ಅಂತರರಾಷ್ಟ್ರೀಯ ಕಾಲಮಾನಕ್ಕೆ ಬದಲಾದರೆ ಹಿಂದಿನ ದಿನದ ರಾತ್ರಿ ಹನ್ನೊಂದೂವರೆ ಆಗುತ್ತದೆ. ಅದನ್ನು ಗಮನಿಸದೆ ಉಬ್ಬರದ ಕೋಷ್ಟಕದೊಂದಿಗೆ ಹೋಲಿಸಿದರೆ, ಒಣ ಬಂಡೆಯ ಮೇಲೆ ಕಂಡ ಜೀವಿ ನೀರಿನಡಿ ಇತ್ತೆಂದು ಲೆಕ್ಕ ಬರುತ್ತದೆ.

ಈಗ ಅತಿ ಮುಖ್ಯವಾದ ಎಚ್ಚರಿಕೆ. ಒಬಿಸ್ ಹಲವು ದಾಖಲೆಗಳ ಮೇಲೆ "ನೆಲದ ಮೇಲಿದೆ" ಎಂಬ ಗುರುತು ಹಾಕಿರುತ್ತದೆ. ಕೋಆರ್ಡಿನೇಟ್‌ಕ್ಲೀನರ್‌ನಂಥ ಸಾಧನಗಳಲ್ಲಿ ಕಡಲಿಗೆ ಬಿದ್ದ ಚುಕ್ಕೆಗಳನ್ನು ತೆಗೆಯುವ ಪರೀಕ್ಷೆಯಿದೆ. ಆಳಕಡಲಿನ ಮೀನಿಗೆ ಮೊದಲನೆಯದು ಸರಿ, ಕಾಡಿನ ಮರಕ್ಕೆ ಎರಡನೆಯದು ಸರಿ. ನಮ್ಮ ಜೀವಿಗಳು ಬದುಕುವುದೇ ಆ ಗೆರೆಯ ಮೇಲೆ. ಜಾಗತಿಕ ನಕ್ಷೆಗಳ ಕರಾವಳಿ ಗೆರೆ ಒರಟಾಗಿರುತ್ತದೆ, ಅಳಿವೆಗಳ ಒಳಭಾಗವನ್ನು ಹಲವು ಬಾರಿ ನೆಲವೆಂದೇ ತೋರಿಸುತ್ತದೆ. ಇವೆರಡು ಪರೀಕ್ಷೆಗಳನ್ನೂ ಒಂದರ ಮೇಲೊಂದು ಓಡಿಸಿದರೆ ಅಘನಾಶಿನಿಯ ಬಳಚುಗಳೂ ಬಂಡೆದಡದ ಶಂಖಗಳೂ ಒಟ್ಟಿಗೆ ಮಾಯವಾಗುತ್ತವೆ.

ಬದಲಿಗೆ ಹೀಗೆ ಮಾಡಿ. ಉಪಗ್ರಹ ಚಿತ್ರದ ಮೇಲೆ, ಹೊಳೆಯ ಎರಡೂ ದಡಗಳನ್ನು ಒಳಗೊಂಡಂತೆ, ನಿಮ್ಮದೇ ದಡದ ಗೆರೆಯನ್ನು ಎಳೆಯಿರಿ. ಮೀಟರಿನ ಲೆಕ್ಕ ಸರಿಯಾಗಲು ಅದನ್ನು ಮೀಟರಿನಲ್ಲೇ ಅಳೆಯುವ ನಿರ್ದೇಶಾಂಕ ವ್ಯವಸ್ಥೆಯಾದ ಇಪಿಎಸ್‌ಜಿ 32643ಕ್ಕೆ ಬದಲಿಸಿ, ಎರಡೂ ಬದಿಗೆ 200 ಮೀಟರ್ ಅಗಲದ ಪಟ್ಟಿ ಎಳೆಯಿರಿ. ಅನಿಶ್ಚಿತತೆಯ ವೃತ್ತ ಆ ಪಟ್ಟಿಯನ್ನು ಮುಟ್ಟುವ ಚುಕ್ಕೆಗಳನ್ನೆಲ್ಲ ಉಳಿಸಿ. ವೃತ್ತವೇ ಒಂದು ಕಿಲೋಮೀಟರಿಗಿಂತ ದೊಡ್ಡದಾದವುಗಳನ್ನು ಪ್ರತ್ಯೇಕ ಕಡತದಲ್ಲಿಡಿ. ಐನ್ಯಾಚುರಲಿಸ್ಟ್ ಅಪಾಯದಲ್ಲಿರುವ ಪ್ರಭೇದಗಳ ಸ್ಥಳವನ್ನು 0.2 ಡಿಗ್ರಿ ಬದಿಯ, ಅಂದರೆ ಸುಮಾರು 22 ಕಿಲೋಮೀಟರಿನ ಚೌಕದೊಳಗೆ ಎಲ್ಲೋ ತೋರಿಸುತ್ತದೆ. ಘಟ್ಟದ ಬುಡದಲ್ಲಿ ಕಡಲಜೀವಿ ಕಂಡರೆ ಅಳಿಸುವ ಮೊದಲು ಇದನ್ನು ನೋಡಿ.

## ಹಂತ 9: ನಕ್ಷೆ ಮಾಡಿ, ತಪ್ಪನ್ನು ಮೂಲದಲ್ಲೇ ತಿದ್ದಿ

ಬರಿಯ ಚುಕ್ಕೆಗಳ ನಕ್ಷೆ ಜೀವಿಗಳು ಎಲ್ಲಿವೆ ಎಂಬುದಕ್ಕಿಂತ ಜನ ಎಲ್ಲಿಗೆ ಹೋಗುತ್ತಾರೆ ಎಂಬುದನ್ನೇ ಹೆಚ್ಚು ತೋರಿಸುತ್ತದೆ. ಪ್ರವಾಸಿಗರು ತುಂಬುವ ಕಡಲತೀರ ದಟ್ಟವಾಗಿಯೂ ಪಕ್ಕದ, ದಾರಿಯಿಲ್ಲದ ಬಂಡೆದಡ ಖಾಲಿಯಾಗಿಯೂ ಕಾಣುತ್ತದೆ. ಒಂದು ಕಿಲೋಮೀಟರಿನ ಚೌಕಗಳನ್ನು ಮಾಡಿ, ಪ್ರತಿ ಚೌಕದಲ್ಲಿ ಸಿಕ್ಕ ಪ್ರಭೇದಗಳ ಜೊತೆ ಎಷ್ಟು ಭೇಟಿಗಳಾಗಿವೆ ಎಂಬುದನ್ನೂ ತೋರಿಸಿ. ಭೇಟಿಯೇ ಇಲ್ಲದ ಚೌಕಕ್ಕೆ ಬಿಳಿ ಬಿಡದೆ ಬೂದು ಬಣ್ಣ ಕೊಡಿ. ಬಿಳಿಯನ್ನು ಓದುಗರು "ಇಲ್ಲ" ಎಂದೇ ಓದುತ್ತಾರೆ.

ಸಿಕ್ಕ ತಪ್ಪುಗಳನ್ನು ನಿಮ್ಮ ಕಡತದಲ್ಲಿ ಮಾತ್ರ ತಿದ್ದಿ ಸುಮ್ಮನಾಗಬೇಡಿ. ಐನ್ಯಾಚುರಲಿಸ್ಟ್‌ನ ದಾಖಲೆಯಾದರೆ ಅಲ್ಲಿಯೇ ಸೌಜನ್ಯದಿಂದ ಟಿಪ್ಪಣಿ ಬರೆಯಿರಿ. ಬೇರೆ ಸಂಸ್ಥೆಯದಾದರೆ ಜಿಬಿಐಎಫ್ ಪುಟದಲ್ಲಿ ಆ ದತ್ತಾಂಶದ ಪ್ರಕಾಶಕರ ಸಂಪರ್ಕವಿರುತ್ತದೆ. ದಾಖಲೆಯ ಸಂಖ್ಯೆ, ತಪ್ಪು ಮತ್ತು ಸರಿಯಾದ ಮೌಲ್ಯ ಮೂರನ್ನೂ ಬರೆದು ಕಳಿಸಿ. ತಿದ್ದುಪಡಿ ಮೂಲದಲ್ಲಿ ಆದ ನಂತರ ಹೊಸದಾಗಿ ಇಳಿಸಿಕೊಂಡು, ಹೊಸ ಡಿಒಐ ಸಂಖ್ಯೆಯನ್ನು ಹಳೆಯದರ ಕೆಳಗೆ ಬರೆದುಕೊಳ್ಳಿ. ಮುಂದಿನ ದೊಡ್ಡ ಇಳಿತಕ್ಕೆ ಮೊದಲು ಬೂದು ಚೌಕಗಳ ಪಟ್ಟಿಯನ್ನು ಮುದ್ರಿಸಿಕೊಂಡು, ಅಲ್ಲಿಂದಲೇ ಐದನೆಯ ಹಂತವನ್ನು ಮತ್ತೆ ಆರಂಭಿಸಿ.